ಅರಿಯದ ನುಡಿಯಲ್ಲಿ ಕೊಟ್ಟ ಸಮ್ಮತಿ ಸಮ್ಮತಿಯಲ್ಲ



ಗಡಿಯಾಚೆಯ ಕನ್ನಡಿಗರ ಕಷ್ಟಸುಖಗಳನ್ನು ಕುರಿತು ಮಾತು ಬಂದಾಗಲೆಲ್ಲ ನಾವು ಶಾಲೆಯನ್ನು ನೆನೆಯುತ್ತೇವೆ, ಜಮೀನಿನ ಕಾಗದಪತ್ರಗಳನ್ನು ನೆನೆಯುತ್ತೇವೆ, ಕಚೇರಿಯ ನಾಮಫಲಕವನ್ನು ನೆನೆಯುತ್ತೇವೆ. ಇವೆಲ್ಲವೂ ಬಾಳಿಗೆ ಬೇಕಾದವುಗಳೇ. ಆದರೆ ಇವೆಲ್ಲಕ್ಕಿಂತ ನಮಗೆ ಹತ್ತಿರವಾದ ಆಸ್ತಿಯೊಂದುಂಟು. ಅದು ನಮ್ಮ ಒಡಲು. ಆ ಒಡಲಿನ ಮೇಲೆ ಶಸ್ತ್ರವಾಡುವ ಮುನ್ನ, ಹೊಸದೊಂದು ಮದ್ದನ್ನು ಅದರೊಳಗೆ ಇಳಿಸುವ ಮುನ್ನ, ಆಸ್ಪತ್ರೆಯವರು ನಮ್ಮಿಂದ ಒಂದು ಕಾಗದಕ್ಕೆ ರುಜುವನ್ನಾಗಲಿ ಹೆಬ್ಬೆಟ್ಟಿನ ಗುರುತನ್ನಾಗಲಿ ಪಡೆಯುತ್ತಾರೆ. ಅದಕ್ಕೆ ಸಮ್ಮತಿಪತ್ರವೆಂದು ಹೆಸರು. ಆ ಕಾಗದದಲ್ಲಿ ಬರೆದಿರುವುದೇನು, ಅದನ್ನು ಬರೆದಿರುವುದು ಯಾವ ನುಡಿಯಲ್ಲಿ, ನಮಗೆ ಅದನ್ನು ಓದಿ ತಿಳಿಸಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಆ ಕಾಗದ ಮಲಯಾಳದಲ್ಲಿರಬಹುದು, ತಮಿಳಿನಲ್ಲಿರಬಹುದು, ಮರಾಠಿಯಲ್ಲಿರಬಹುದು, ತೆಲುಗಿನಲ್ಲಿರಬಹುದು. ಯಾರಿಗೂ ಸರಿಯಾಗಿ ತಿಳಿಯದ ಇಂಗ್ಲಿಷಿನಲ್ಲಿಯೂ ಇರಬಹುದು. ಓದಲು ಬಾರದ ನುಡಿಯ ಕೆಳಗೆ ಹೆಬ್ಬೆಟ್ಟನ್ನೊತ್ತಿ ಬಂದವನು ತಾನು ಒಪ್ಪಿದೆನೆಂದು ಹೇಳಬಲ್ಲನೇ? ಹೇಳಲಾರನೆಂಬುದೇ ನಮ್ಮ ವಾದ. ಇದು ನಮ್ಮ ಸಮಿತಿ ಹೊಸದಾಗಿ ಕಟ್ಟಿದ ವಾದವಲ್ಲ. ಲೋಕದ ರಾಷ್ಟ್ರಗಳು ಕೂಡಿ ಒಪ್ಪಿಕೊಂಡ ಆರೋಗ್ಯ ಧರ್ಮದ ಬುಡದಲ್ಲಿಯೇ ಈ ಮಾತು ಇದೆ. ನಮ್ಮ ದೇಶವೂ ಅದಕ್ಕೆ ಸಮ್ಮತಿಯಿತ್ತಿದೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ, ಮದ್ದೇ ಸಿಕ್ಕದ ಕಡೆ ಕನ್ನಡವನ್ನು ಕೇಳುವುದು ಸೊಗಸಿನ ಮಾತೆಂದು ನಗುವವರುಂಟು. ಅವರೊಂದಿಗೆ ನಾವು ಜಗಳವಾಡುವುದಿಲ್ಲ. ಮುಂದಿನ ಸಂಗತಿಗಳನ್ನು ಓದಿ ನೋಡಿರೆಂದಷ್ಟೇ ಬೇಡುತ್ತೇವೆ.

ಸಮ್ಮತಿಯ ಧರ್ಮ ಹುಟ್ಟಿದ ಬಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ಜರ್ಮನಿಯ ಸೆರೆಶಿಬಿರಗಳೊಳಗೆ ವೈದ್ಯರೇ ಸೆರೆಯಾಳುಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಜೀವಂತ ಮನುಷ್ಯರನ್ನು ಹಿಮದಂತಹ ನೀರಿನಲ್ಲಿ ಅದ್ದಿ ಎಷ್ಟು ಹೊತ್ತು ಬದುಕಿಯಾರೆಂದು ಅಳೆದರು. ಮಲೇರಿಯ, ಟೈಫಸ್ ಮೊದಲಾದ ರೋಗಗಳನ್ನು ಬೇಕೆಂದೇ ಅಂಟಿಸಿದರು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ನಗರದಲ್ಲಿ ಅಮೆರಿಕದ ಸೇನಾ ನ್ಯಾಯಮಂಡಳಿಯ ಮುಂದೆ 23 ಮಂದಿಯ ವಿಚಾರಣೆ ನಡೆಯಿತು. 1947ರ ಆಗಸ್ಟಿನಲ್ಲಿ, ನಮ್ಮ ದೇಶ ಸ್ವತಂತ್ರವಾದ ಅದೇ ತಿಂಗಳಿನಲ್ಲಿ, ತೀರ್ಪು ಹೊರಬಿತ್ತು. 16 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಗಿ, ಅವರಲ್ಲಿ 7 ಮಂದಿ ನೇಣುಗಂಬವನ್ನೇರಿದರು.

ಆ ತೀರ್ಪಿನೊಳಗೆ ನ್ಯಾಯಾಧೀಶರು 10 ಸೂತ್ರಗಳನ್ನು ಬರೆದಿಟ್ಟರು. ಮೊದಲನೆಯದು ಸಮ್ಮತಿಯ ಸೂತ್ರ. ಮನುಷ್ಯನ ಮೇಲೆ ಪ್ರಯೋಗ ನಡೆಯಬೇಕಾದರೆ ಅವನು ಸ್ವಇಚ್ಛೆಯಿಂದ ಒಪ್ಪಿರಬೇಕು. ಬಲಾತ್ಕಾರ, ಮೋಸ, ಒತ್ತಾಯ ಯಾವುದೂ ಇರಕೂಡದು. ಅಷ್ಟೇ ಅಲ್ಲದೆ, ತನಗೆ ಆಗಲಿರುವುದೇನೆಂಬುದು ಅವನಿಗೆ ಸಾಕಷ್ಟು ತಿಳಿದು ಮನವರಿಕೆಯಾಗಿರಬೇಕು. ಈ ಕಡೆಯ ಮಾತನ್ನು ಗಮನಿಸಬೇಕು. ಕಾಗದಕ್ಕೆ ಗುರುತು ಬಿದ್ದರೆ ಸಾಕೆಂದು ಆ ನ್ಯಾಯಾಧೀಶರು ಹೇಳಲಿಲ್ಲ. ತಿಳಿವಳಿಕೆಯಿಲ್ಲದೆಡೆ ಒಪ್ಪಿಗೆಯೂ ಇಲ್ಲವೆಂದರು. ತಿಳಿವಳಿಕೆ ಹರಿದುಬರುವುದು ನುಡಿಯ ಕಾಲುವೆಯಲ್ಲಿ. ಕಾಲುವೆ ಮುಚ್ಚಿದ್ದರೆ ಗದ್ದೆಗೆ ನೀರು ಬರುವುದೆಂತು?

1964ರಲ್ಲಿ ಹೆಲ್ಸಿಂಕಿ ನಗರದಲ್ಲಿ ಸೇರಿದ ಲೋಕದ ವೈದ್ಯರ ಸಂಘವು ಈ ಧರ್ಮವನ್ನು ತನ್ನ ಘೋಷಣೆಯಲ್ಲಿ ಎತ್ತಿಹಿಡಿಯಿತು. 1966ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆ ಅಂಗೀಕರಿಸಿದ ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಒಡಂಬಡಿಕೆಯ 7ನೆಯ ವಿಧಿ, ಯಾರನ್ನೂ ಅವರ ಮುಕ್ತ ಸಮ್ಮತಿಯಿಲ್ಲದೆ ವೈದ್ಯಕೀಯ ಪ್ರಯೋಗಕ್ಕೆ ಗುರಿಮಾಡಕೂಡದೆಂದು ವಿಧಿಸಿತು. ಪ್ರಯೋಗಕ್ಕೆಂದು ಹುಟ್ಟಿದ ಈ ನಿಯಮ ಕಾಲಕ್ರಮದಲ್ಲಿ ಸಾಮಾನ್ಯ ಚಿಕಿತ್ಸೆಗೂ ಹಬ್ಬಿತು. 2005ರಲ್ಲಿ ಯುನೆಸ್ಕೋ ಸಂಸ್ಥೆ ಹೊರಡಿಸಿದ ಜೀವನೀತಿ ಮತ್ತು ಮಾನವ ಹಕ್ಕುಗಳ ಘೋಷಣೆಯು, ರೋಗ ತಡೆಯುವ ಕ್ರಮವಾಗಲಿ, ರೋಗ ಪತ್ತೆಮಾಡುವ ಕ್ರಮವಾಗಲಿ, ಚಿಕಿತ್ಸೆಯಾಗಲಿ, ಎಲ್ಲಕ್ಕೂ ತಿಳಿದು ಕೊಟ್ಟ ಸಮ್ಮತಿ ಬೇಕೆಂದು ಸಾರಿತು.

ನುಡಿಯೂ ಆರೋಗ್ಯದ ಹಕ್ಕಿನ ಭಾಗವೇ

ಇನ್ನೊಂದು ದಾರಿಯಿಂದಲೂ ನಾವು ಇದೇ ಜಾಗಕ್ಕೆ ಬಂದು ಸೇರುತ್ತೇವೆ. ಲೋಕ ಆರೋಗ್ಯ ಸಂಸ್ಥೆಯ ಸಂವಿಧಾನಕ್ಕೆ 1946ರಲ್ಲಿ ರುಜುಬಿದ್ದು, 1948ರ ಏಪ್ರಿಲ್ 7ರಂದು ಅದು ಜಾರಿಗೆ ಬಂದಿತು. ದೊರಕಬಹುದಾದ ಅತ್ಯುನ್ನತ ಮಟ್ಟದ ಆರೋಗ್ಯವು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕೆಂದು ಅದು ಘೋಷಿಸಿತು. ಕುಲ, ಮತ, ರಾಜಕೀಯ ನಂಬಿಕೆ, ಆರ್ಥಿಕ ಅಥವಾ ಸಾಮಾಜಿಕ ಸ್ಥಿತಿ ಯಾವುದರಿಂದಲೂ ಭೇದವೆಣಿಸಕೂಡದೆಂದಿತು. ಆ ಪಟ್ಟಿಯಲ್ಲಿ ಭಾಷೆಯ ಹೆಸರು ಮಾತ್ರ ಇಲ್ಲ. ಆದರೆ ಅದೇ 1948ರ ಡಿಸೆಂಬರಿನಲ್ಲಿ ಬಂದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 2ನೆಯ ವಿಧಿ ಆ ಕೊರತೆಯನ್ನು ತುಂಬಿತು. ವರ್ಣ, ಲಿಂಗ, ಧರ್ಮಗಳ ಜೊತೆಯಲ್ಲಿ ಭಾಷೆಯನ್ನೂ ಹೆಸರಿಸಿ, ಇದರ ಕಾರಣದಿಂದಲೂ ಯಾರ ಹಕ್ಕಿಗೂ ಚ್ಯುತಿಯಾಗಬಾರದೆಂದು ಹೇಳಿತು. 1966ರ ಆರ್ಥಿಕ, ಸಾಮಾಜಿಕ ಹಾಗೂ ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯೂ ಹಾಗೆಯೇ ಮಾಡಿತು. ಅದರ 12ನೆಯ ವಿಧಿಯಲ್ಲಿ ಆರೋಗ್ಯದ ಹಕ್ಕು ಇದೆ. ಭಾರತವು 1979ರ ಏಪ್ರಿಲಿನಲ್ಲಿ ಈ ಎರಡು ಒಡಂಬಡಿಕೆಗಳಿಗೂ ಬದ್ಧವಾಯಿತು.

ಈ 12ನೆಯ ವಿಧಿಯ ಅರ್ಥವನ್ನು ಒಡಂಬಡಿಕೆಯ ಮೇಲ್ವಿಚಾರಣಾ ಸಮಿತಿಯು 2000ದಲ್ಲಿ ಬಿಡಿಸಿ ಹೇಳಿತು. ಆಸ್ಪತ್ರೆ ಇದ್ದರೆ ಸಾಲದು, ಅದು ಎಲ್ಲರ ಕೈಗೆಟುಕುವಂತಿರಬೇಕು. ಕೈಗೆಟುಕುವುದೆಂದರೆ ನಾಲ್ಕು: ಭೇದವಿಲ್ಲದಿರುವುದು, ನಡೆದು ಸೇರುವಷ್ಟು ಹತ್ತಿರವಿರುವುದು, ಬೆಲೆ ಹೊರೆಯಾಗದಿರುವುದು, ತಿಳಿವಳಿಕೆ ದೊರೆಯುವುದು. 2009ರಲ್ಲಿ ಅದೇ ಸಮಿತಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಸಾರ್ವಜನಿಕ ಸೇವೆಗಳನ್ನು ಕುರಿತ ತಿಳಿವಳಿಕೆಯು ಸಾಧ್ಯವಾದಮಟ್ಟಿಗೆ ಅಲ್ಪಸಂಖ್ಯಾತರು ಆಡುವ ನುಡಿಗಳಲ್ಲಿಯೂ ದೊರೆಯತಕ್ಕದ್ದೆಂದು ಹೇಳಿತು. ತಾಳವಾಡಿಯ ರೈತನಿಗೂ ಅಕ್ಕಲಕೋಟೆಯ ನೇಕಾರನಿಗೂ ಮಡಕಶಿರದ ಕೂಲಿಯವನಿಗೂ ಸಲ್ಲುವ ಮಾತು ಇದು.

ಹದಿನೇಳು ನಿಮಿಷಗಳ ಕಥೆ

ನಿಯಮಗಳನ್ನು ಹೇಳಿದ್ದಾಯಿತು. ನಿಯಮ ಮುರಿದಾಗ ಮನುಷ್ಯರ ಬಾಳಿನಲ್ಲಿ ಆಗುವುದೇನೆಂಬುದನ್ನು ಈಗ ನೋಡೋಣ.

ಯೂರೋಪಿನ ಹಂಗೇರಿ ದೇಶದಲ್ಲಿ ರೋಮಾ ಎಂಬ ಬಡ ಅಲ್ಪಸಂಖ್ಯಾತ ಜನಾಂಗವೊಂದುಂಟು. 2001ರ ಜನವರಿ 2ರಂದು ಆ ಜನಾಂಗದ ಗರ್ಭಿಣಿಯೊಬ್ಬಳನ್ನು ತೀವ್ರ ರಕ್ತಸ್ರಾವದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಹೊಟ್ಟೆಯಲ್ಲಿ ಮಗು ತೀರಿಹೋಗಿತ್ತು. ಕೂಡಲೇ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಮಂಚದ ಮೇಲಿದ್ದ ಆಕೆಯ ಮುಂದೆ ಒಂದು ಕಾಗದವನ್ನು ಹಿಡಿದರು. ಅದರ ಕೆಳಗಡೆ ವೈದ್ಯನು ಕೈಬರಹದಲ್ಲಿ ಇನ್ನೊಂದು ಸಾಲನ್ನು ಸೇರಿಸಿದ್ದನು. ಆಕೆ ತಾನಾಗಿಯೇ ಸಂತಾನಹರಣ ಶಸ್ತ್ರಕ್ರಿಯೆಯನ್ನು ಕೋರುತ್ತಾಳೆಂಬುದು ಅದರ ಅರ್ಥ. ಆ ಕ್ರಿಯೆಗೆ ಅವನು ಬಳಸಿದ ಪದ ಲ್ಯಾಟಿನ್ ಭಾಷೆಯದು. ಆಕೆ ರುಜುಹಾಕಿದಳು. ಆಸ್ಪತ್ರೆಯ ಬಾಗಿಲಿಗೆ ಬಂದಂದಿನಿಂದ ಎರಡೂ ಶಸ್ತ್ರಕ್ರಿಯೆಗಳು ಮುಗಿಯುವವರೆಗೆ ಕಳೆದ ಕಾಲ 17 ನಿಮಿಷ.

ಮನೆಗೆ ಹೊರಡುವ ಮುನ್ನ ಆಕೆ ವೈದ್ಯನನ್ನು ಕೇಳಿದಳಂತೆ: ಮುಂದಿನ ಮಗುವನ್ನು ಯಾವಾಗ ಪಡೆಯಬಹುದು ಎಂದು. ಆಗ ಮಾತ್ರ ಆ ಪದದ ಅರ್ಥ ಆಕೆಗೆ ತಿಳಿಯಿತು.

ಹಂಗೇರಿಯ ನ್ಯಾಯಾಲಯಗಳಲ್ಲಿ ಆಕೆಗೆ ಪರಿಹಾರ ದೊರೆಯದಿರಲು, ದೂರು ಸಂಯುಕ್ತ ರಾಷ್ಟ್ರಸಂಸ್ಥೆಯ ಸ್ತ್ರೀ ತಾರತಮ್ಯ ನಿವಾರಣಾ ಸಮಿತಿಯವರೆಗೆ ಹೋಯಿತು. 2006ರ ಆಗಸ್ಟಿನಲ್ಲಿ ಆ ಸಮಿತಿ ಆಕೆಯ ಪರವಾಗಿ ನಿರ್ಣಯವಿತ್ತಿತು. ತಿಳಿವಳಿಕೆ ಪಡೆಯುವ ಹಕ್ಕು, ಆರೋಗ್ಯಸೇವೆಯ ಹಕ್ಕು, ಎಷ್ಟು ಮಕ್ಕಳು ಯಾವಾಗ ಎಂಬುದನ್ನು ತಾನೇ ನಿಶ್ಚಯಿಸುವ ಹಕ್ಕು ಈ ಮೂರಕ್ಕೂ ಭಂಗ ಬಂದಿದೆಯೆಂದು ಹೇಳಿ, ಪರಿಹಾರ ಕೊಡಬೇಕೆಂದು ಹಂಗೇರಿಗೆ ತಿಳಿಸಿತು. ಆ ಸಮಿತಿಗೆ ಆಧಾರವಾದ ಒಡಂಬಡಿಕೆಯನ್ನು ಭಾರತವು 1993ರಲ್ಲಿ ಸ್ಥಿರೀಕರಿಸಿದೆ.

ಬಂಧುಗಳೇ, ಈ ಕಥೆಯಲ್ಲಿ ನಮಗೆ ವಿಶೇಷವಾದ ಪಾಠವೊಂದುಂಟು. ಆ ಹೆಣ್ಣುಮಗಳಿಗೆ ಹಂಗೇರಿಯ ಭಾಷೆ ಬರುತ್ತಿತ್ತು. ಅವಳನ್ನು ಕೆಡಿಸಿದ್ದು ಒಂದೇ ಒಂದು ಅರಿಯದ ಪದ. ‘ನೀವು ತಲೆಮಾರುಗಳಿಂದ ಇಲ್ಲಿದ್ದೀರಿ, ಇಲ್ಲಿನ ಭಾಷೆ ಬಾರದೇ?’ ಎಂದು ಗಡಿನಾಡ ಕನ್ನಡಿಗರನ್ನು ಕೇಳುವವರಿಗೆ ಇದೇ ಉತ್ತರ. ಸಂತೆಯಲ್ಲಿ ತೆಂಗಿನಕಾಯಿಯ ಬೆಲೆ ಚರ್ಚಿಸುವಷ್ಟು, ಬಸ್ಸಿನಲ್ಲಿ ಟಿಕೀಟು ಕೇಳುವಷ್ಟು ಭಾಷೆ ನಮ್ಮಲ್ಲಿ ಬಹುಮಂದಿಗೆ ಬರುತ್ತದೆ. ಗರ್ಭಕೋಶವೆಂಬುದಕ್ಕೆ, ಅರಿವಳಿಕೆಯೆಂಬುದಕ್ಕೆ, ರಕ್ತ ಹೆಪ್ಪುಗಟ್ಟುವುದೆಂಬುದಕ್ಕೆ ಆ ನುಡಿಯಲ್ಲಿ ಏನೆನ್ನುತ್ತಾರೆಂಬುದು ಸಂತೆಯಲ್ಲಿ ಕಲಿಯುವ ವಿದ್ಯೆಯಲ್ಲ.

ಗಡಿ ಸರಿದ ನಾಡಿನಲ್ಲಿ ಆದದ್ದು

ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತವು 1848ರವರೆಗೆ ಮೆಕ್ಸಿಕೋ ದೇಶಕ್ಕೆ ಸೇರಿತ್ತು. ಯುದ್ಧವಾಗಿ ಗಡಿರೇಖೆ ಸರಿದು, ನಾಡು ಅಮೆರಿಕದ ಪಾಲಾಯಿತು; ಕಚೇರಿಯ ಭಾಷೆ ಇಂಗ್ಲಿಷಾಯಿತು. ಆದರೆ ಸ್ಪ್ಯಾನಿಷ್ ನುಡಿ ಅಲ್ಲಿ ಉಳಿಯಿತು, ಮೆಕ್ಸಿಕೋದಿಂದ ದುಡಿಮೆಗೆ ಬಂದವರಿಂದ ಬೆಳೆಯಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಲಾಸ್ ಏಂಜಲಿಸ್ ನಗರದ ದೊಡ್ಡ ಸಾರ್ವಜನಿಕ ಆಸ್ಪತ್ರೆಗೆ ಹೆರಿಗೆಗೆಂದು ಬಂದ ಮೆಕ್ಸಿಕೋ ಮೂಲದ ಸ್ತ್ರೀಯರಲ್ಲಿ ಅನೇಕರಿಗೆ ಸಂತಾನಹರಣ ಶಸ್ತ್ರಕ್ರಿಯೆ ನಡೆಯಿತು. ಪ್ರಸವವೇದನೆಯ ನಡುವೆ ಇಂಗ್ಲಿಷ್ ಕಾಗದಗಳಿಗೆ ರುಜು ಪಡೆದಿದ್ದರೆಂಬುದೂ, ತಮಗೆ ಆದದ್ದೇನೆಂಬುದು ಕೆಲವರಿಗೆ ಬಹಳ ಕಾಲದ ಮೇಲೆ ತಿಳಿಯಿತೆಂಬುದೂ ಅವರ ಅಳಲು.

ಅವರಲ್ಲಿ 10 ಮಂದಿ 1975ರಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇರಿದರು. 1978ರಲ್ಲಿ ತೀರ್ಪು ಅವರಿಗೆ ವಿರೋಧವಾಗಿ ಬಂದಿತು. ವೈದ್ಯರ ಮನಸ್ಸಿನಲ್ಲಿ ಕೇಡಿರಲಿಲ್ಲ, ಪರಸ್ಪರ ಮಾತು ತಿಳಿಯದೆ ಆದ ಅನರ್ಥವಿದು ಎಂದು ನ್ಯಾಯಾಧೀಶರು ಭಾವಿಸಿದರು. ಮಾತು ತಿಳಿಯದಿದ್ದುದೇ ಅನ್ಯಾಯದ ಬೇರೆಂಬುದನ್ನು ಆ ನ್ಯಾಯಪೀಠ ಕಾಣದೆ ಹೋಯಿತು.

ಸೋತರೂ ಆ ತಾಯಂದಿರ ಹೋರಾಟ ವ್ಯರ್ಥವಾಗಲಿಲ್ಲ. ಅವರೂ ಅವರಂತಹ ಇತರರೂ ಎಬ್ಬಿಸಿದ ಕೂಗಿನ ಫಲವಾಗಿ, ಕೇಂದ್ರ ಸರಕಾರದ ಹಣದಿಂದ ನಡೆಯುವ ಸಂತಾನಹರಣ ಶಸ್ತ್ರಕ್ರಿಯೆಗೆ ಹೊಸ ನಿಯಮಗಳು ಬಂದವು. ಸಮ್ಮತಿ ಕೊಟ್ಟ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು. ಸಮ್ಮತಿಪತ್ರದ ಭಾಷೆ ತಿಳಿಯದವರಿಗೆ ದುಭಾಷಿಯನ್ನು ಒದಗಿಸಲೇಬೇಕು. 2018ರಲ್ಲಿ ಲಾಸ್ ಏಂಜಲಿಸ್ ಜಿಲ್ಲಾಡಳಿತವು ಆ ಸ್ತ್ರೀಯರ ಕ್ಷಮೆಯನ್ನೂ ಕೇಳಿತು. ನಲವತ್ತು ವರ್ಷ ಕಳೆದಿತ್ತು, ಮಡಿಲು ಮಾತ್ರ ತುಂಬಲಿಲ್ಲ. ನ್ಯಾಯವು ತಡವಾಗಿ ಬಂದರೆ ಒಡಲಿಗಾದ ನಷ್ಟವನ್ನು ಅದು ಕಟ್ಟಿಕೊಡಲಾರದು. ಆದುದರಿಂದ ಎಚ್ಚರವು ಶಸ್ತ್ರಕ್ಕೆ ಮುಂಚೆಯೇ ಇರತಕ್ಕದ್ದು.

ನಮ್ಮ ದೇಶದ ಎರಡು ಪ್ರಸಂಗಗಳು

ಪರದೇಶದ ಮಾತು ಸಾಕು, ನಮ್ಮ ಮನೆಯನ್ನೂ ನೋಡಿಕೊಳ್ಳೋಣ. 2009ರಲ್ಲಿ ಅಂದಿನ ಆಂಧ್ರಪ್ರದೇಶಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರ ಜಿಲ್ಲೆಯಲ್ಲಿಯೂ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಅಧ್ಯಯನವೊಂದರ ಅಂಗವಾಗಿ ಹಾಕಿದರು. ಅದನ್ನು ನಡೆಸಿದ್ದು ಪಾತ್ ಎಂಬ ಅಮೆರಿಕದ ಸಂಸ್ಥೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ರಾಜ್ಯ ಸರಕಾರಗಳೂ ಕೈಜೋಡಿಸಿದ್ದವು. ಖಮ್ಮಮಿನಲ್ಲಿ ಲಸಿಕೆ ಪಡೆದವರಲ್ಲಿ ಬಹಳ ಮಂದಿ ಗಿರಿಜನರ ಮಕ್ಕಳು, ಸರಕಾರಿ ವಿದ್ಯಾರ್ಥಿನಿಲಯಗಳಲ್ಲಿ ಇದ್ದವರು. 2010ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಅದನ್ನು ನಿಲ್ಲಿಸಿತು. 2013ರ ಆಗಸ್ಟಿನಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯೀ ಸಮಿತಿ ಕೊಟ್ಟ ವರದಿಯಲ್ಲಿ ದಾಖಲಾದ ಲೆಕ್ಕ ಹೀಗಿದೆ: ಆಂಧ್ರದ 9,543 ಸಮ್ಮತಿಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟಿನ ಗುರುತಿತ್ತು, 2,763ಕ್ಕೆ ರುಜುಹಾಕಿದವರು ವಿದ್ಯಾರ್ಥಿನಿಲಯದ ಮೇಲ್ವಿಚಾರಕರು. ಮಗುವಿನ ತಂದೆತಾಯಿಗಳು ಕಾಡಂಚಿನ ಹಾಡಿಯಲ್ಲಿ. ಅವರ ಹೆಸರಿನ ಒಪ್ಪಿಗೆ ಇನ್ನೊಬ್ಬರ ಕೈಯಲ್ಲಿ!

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಆ ಅಧ್ಯಯನದ ಕಾಲದಲ್ಲಿ ಕೆಲವು ಮಕ್ಕಳು ತೀರಿಕೊಂಡರೆಂಬುದು ನಿಜ. ಆದರೆ ಆ ಸಾವುಗಳಿಗೆ ಲಸಿಕೆ ಕಾರಣವೆಂದು ಸರಕಾರಿ ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆ ಲಸಿಕೆಯನ್ನು ಲೋಕದ ಅನೇಕ ದೇಶಗಳು ಬಳಸುತ್ತಿವೆ, ಲೋಕ ಆರೋಗ್ಯ ಸಂಸ್ಥೆಯೂ ಅದನ್ನು ಹೊಗಳುತ್ತದೆ. ಆದುದರಿಂದ ಲಸಿಕೆಗೆ ಹೆದರಿರೆಂದು ನಾವು ಹೇಳುವುದಿಲ್ಲ. ಒಳ್ಳೆಯ ಮದ್ದನ್ನು ಕೂಡ ತಿಳಿಸದೆ ಕೊಟ್ಟರೆ ಜನರ ನಂಬಿಕೆ ಒಡೆಯುತ್ತದೆ, ಒಡೆದ ನಂಬಿಕೆಯಿಂದ ಮುಂದೆ ಒಳ್ಳೆಯ ಮದ್ದೂ ಹಳ್ಳಿಗೆ ಬಾರದಂತಾಗುತ್ತದೆ ಎಂದು ಹೇಳುತ್ತೇವೆ. ಸಮ್ಮತಿಯು ರೋಗಿಗೆ ಎಷ್ಟು ಕಾವಲೋ ವೈದ್ಯನಿಗೂ ಅಷ್ಟೇ ಕಾವಲು.

ಎರಡನೆಯ ಪ್ರಸಂಗ ಬಿಹಾರದ್ದು. ಅಲ್ಲಿನ ಅರರಿಯಾ ಜಿಲ್ಲೆಯ ಒಂದು ಸರಕಾರಿ ಶಾಲೆಯಲ್ಲಿ 2012ರ ಜನವರಿ 7ರ ರಾತ್ರಿ ಸುಮಾರು ಎರಡು ಗಂಟೆಗಳೊಳಗೆ 53 ಮಂದಿ ಸ್ತ್ರೀಯರಿಗೆ ಸಂತಾನಹರಣ ಶಸ್ತ್ರಕ್ರಿಯೆ ನಡೆಯಿತು. ಕತ್ತಿ ಹಿಡಿದವನು ಒಬ್ಬನೇ ವೈದ್ಯ. ದೇವಿಕಾ ಬಿಸ್ವಾಸ್ ಎಂಬ ಸಮಾಜಸೇವಕಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಹೂಡಿದರು. 2016ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಬೆಲೆಬಾಳುವ ತೀರ್ಪನ್ನಿತ್ತಿತು. ಶಸ್ತ್ರಕ್ರಿಯೆಗೆ ಮುಂಚಿನ ವಿವರಪಟ್ಟಿಯನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ತಿಳಿಸಿದ್ದೇನೆ, ಆಕೆಗೆ ಅರ್ಥವಾಗಿದೆ ಎಂದು ವೈದ್ಯನೂ ತರಬೇತಿ ಪಡೆದ ಸಲಹೆಗಾರನೂ ಬೇರೆಬೇರೆಯಾಗಿ ರುಜುಹಾಕಬೇಕು. ಮನಸ್ಸು ಬದಲಿಸಲು ಬೇಕಾದರೆ ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು.

ಈ ತೀರ್ಪಿನಲ್ಲಿ ನಮ್ಮ ಕಣ್ಣು ನಿಲ್ಲಬೇಕಾದ ಜಾಗವೊಂದಿದೆ. ತತ್ತ್ವವನ್ನು ಹೇಳುವಾಗ ನ್ಯಾಯಾಲಯ ‘ಆಕೆಗೆ ತಿಳಿಯುವ ಭಾಷೆ’ ಎಂದಿತು. ಅದನ್ನು ಜಾರಿಗೆ ತರುವ ಬಗೆಯನ್ನು ಹೇಳುವಾಗ, ಪಟ್ಟಿಯು ‘ರಾಜ್ಯದ ಸ್ಥಳೀಯ ಭಾಷೆ’ಯಲ್ಲಿರಲಿ ಎಂದಿತು. ನಾಡಿನ ನಡುಭಾಗದಲ್ಲಿ ಇವೆರಡೂ ಒಂದೇ. ಗಡಿಯ ಹಳ್ಳಿಯಲ್ಲಿ ಇವೆರಡೂ ಬೇರೆಬೇರೆ. ಜತ್ತ ತಾಲೂಕಿನ ಕನ್ನಡತಿಗೆ ಮರಾಠಿಯ ಪಟ್ಟಿಯನ್ನಿತ್ತರೆ ತೀರ್ಪಿನ ಅಕ್ಷರಕ್ಕೆ ಭಂಗವಿಲ್ಲ; ಅದರ ಪ್ರಾಣಕ್ಕೆ ಭಂಗವುಂಟು. ಗಡಿನಾಡಿನವರು ಬೀಳುತ್ತಿರುವುದು ಈ ಬಿರುಕಿನೊಳಗೆ. ಯಾವ ಅಧಿಕಾರಿಯೂ ನಮ್ಮನ್ನು ದ್ವೇಷಿಸಬೇಕಾಗಿಲ್ಲ, ಯಾವ ವೈದ್ಯನೂ ಕೆಟ್ಟವನಾಗಬೇಕಾಗಿಲ್ಲ. ನಕಾಶೆಯ ಗೆರೆಯೊಂದು ಕಡೆ, ನುಡಿಯ ಗೆರೆ ಇನ್ನೊಂದು ಕಡೆ ಇರುವುದೇ ಸಾಕು.

ಕೆಲವು ಆಕ್ಷೇಪಗಳು

ಒಬ್ಬ ವೈದ್ಯನು ಎಷ್ಟು ಭಾಷೆಗಳನ್ನು ಕಲಿತಾನು ಎಂದು ಕೇಳಬಹುದು. ವೈದ್ಯನೇ ಕನ್ನಡ ಕಲಿಯಬೇಕೆಂದು ನಾವು ಹಟಹಿಡಿಯುವುದಿಲ್ಲ, ಕಲಿತರೆ ಸಂತೋಷ. ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ, ಕನ್ನಡ ಬಲ್ಲ ಒಬ್ಬ ದಾದಿ ಅಥವಾ ಆಶಾ ಕಾರ್ಯಕರ್ತೆ, ಇಷ್ಟಿದ್ದರೆ ಬಹುಮಟ್ಟಿಗೆ ಕೆಲಸ ನಡೆಯುತ್ತದೆ. ಗಡಿಯ ಹಳ್ಳಿಗಳಲ್ಲಿ ಎರಡು ನುಡಿ ಬಲ್ಲ ಓದಿದ ಹೆಣ್ಣುಮಕ್ಕಳಿಗೆ ಬರವಿಲ್ಲ.

ಜೊತೆಗೆ ಬಂದ ನೆಂಟರು ಹೇಳಿದರಾಗದೇ ಎಂದು ಇನ್ನೊಬ್ಬರು ಕೇಳಬಹುದು. ಶಾಲೆಗೆ ಹೋಗುವ ಮಗನ ಬಾಯಿಂದ ತಾಯಿಯು ತನ್ನ ಗರ್ಭದ ಬೇನೆಯನ್ನು ವೈದ್ಯನಿಗೆ ಹೇಳಿಸಬೇಕೆ? ಹೇಳಲು ಅವಳು ನಾಚುತ್ತಾಳೆ, ಕೇಳಿದ್ದನ್ನು ಅವನು ಅರ್ಧ ನುಂಗುತ್ತಾನೆ. ಗಂಡನಿಗೆ ತಿಳಿಯಬಾರದೆಂದು ಅವಳು ಬಯಸುವ ಸಂಗತಿಯೂ ಇರಬಹುದು. ರೋಗಿಯ ಗುಟ್ಟನ್ನು ಕಾಯುವುದು ವೈದ್ಯಧರ್ಮ. ನೆಂಟರನ್ನು ದುಭಾಷಿಯಾಗಿಸಿದಾಗ ಆ ಧರ್ಮ ಸಡಿಲವಾಗುತ್ತದೆ.

ಪ್ರಾಣವೇ ಹೋಗುತ್ತಿರುವಾಗ ಭಾಷಾಂತರಕ್ಕೆ ಕಾದು ಕೂರಬೇಕೆ ಎಂಬುದು ಮೂರನೆಯ ಆಕ್ಷೇಪ. ಖಂಡಿತ ಬೇಡ. ಜೀವ ಉಳಿಸಲು ಕೂಡಲೇ ಮಾಡಬೇಕಾದ ಚಿಕಿತ್ಸೆಗೆ ಸಮ್ಮತಿಗಾಗಿ ಕಾಯಬೇಕಾಗಿಲ್ಲವೆಂದು 2008ರ ಜನವರಿಯ ತೀರ್ಪೊಂದರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಒಪ್ಪಿದೆ. ಆದರೆ ಅದೇ ತೀರ್ಪು, ಒಂದು ಪರೀಕ್ಷೆಗೆ ಕೊಟ್ಟ ಸಮ್ಮತಿಯನ್ನು ಹಿಡಿದು ಇನ್ನೊಂದು ಶಸ್ತ್ರಕ್ರಿಯೆ ಮಾಡಕೂಡದೆಂದೂ, ರೋಗಿಯು ಪ್ರಾಯಕ್ಕೆ ಬಂದವಳಾಗಿ ತಾನೇ ನಿಶ್ಚಯಿಸಬಲ್ಲವಳಾಗಿರುವಾಗ ತಾಯಿಯ ಸಮ್ಮತಿ ಸಾಲದೆಂದೂ ಹೇಳಿತು. ಅವಸರದ ಹೆಸರಿನಲ್ಲಿ ಅವಸರವಲ್ಲದ್ದನ್ನು ಮಾಡುವಂತಿಲ್ಲ.

ನಾವು ಮಾಡತಕ್ಕದ್ದು

ಲೋಕದ ಒಡಂಬಡಿಕೆಗಳು ದೂರದ ಜಿನೀವಾದಲ್ಲಿವೆ. ಸ್ತ್ರೀಯರ ಸಮಿತಿಗೆ ನೇರವಾಗಿ ದೂರು ಕೊಡುವ ದಾರಿಯನ್ನು ಭಾರತ ಒಪ್ಪಿಕೊಂಡಿಲ್ಲ. ಆದರೂ ನಮ್ಮ ಕೈ ಬರಿದಲ್ಲ. ಸಂವಿಧಾನದ 350ನೆಯ ವಿಧಿಯಂತೆ, ತನ್ನ ಕಷ್ಟದ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅರ್ಜಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. 1956ರಲ್ಲಿ ಸೇರಿಸಿದ 350-ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿಯ ಹುದ್ದೆ ಇದೆ. ಅದೇ ವರ್ಷ ಕೇಂದ್ರ ಸರಕಾರ ಹೊರಡಿಸಿದ ಜ್ಞಾಪನಪತ್ರವು, ಅಲ್ಪಸಂಖ್ಯಾತ ನುಡಿಯವರು ಶೇಕಡಾ 15ರಿಂದ 20ರಷ್ಟಿರುವೆಡೆಗಳಲ್ಲಿ ಮುಖ್ಯ ಪ್ರಕಟಣೆಗಳು ಅವರ ನುಡಿಯಲ್ಲಿಯೂ ಬರಬೇಕೆಂಬ ಅಭಿಪ್ರಾಯವನ್ನಿತ್ತಿತು. ಸಮ್ಮತಿಪತ್ರಕ್ಕಿಂತ ಮುಖ್ಯವಾದ ಪ್ರಕಟಣೆ ಯಾವುದು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ದೂರು ಸ್ವೀಕರಿಸುತ್ತದೆ, ಶುಲ್ಕವಿಲ್ಲ; ಕನ್ನಡ ಆ ಅನುಸೂಚಿಯಲ್ಲಿದೆ.

ಆದುದರಿಂದ ಪ್ರತಿಯೊಂದು ಗ್ರಾಮವೂ ತನ್ನ ಗ್ರಾಮಸಭೆಯಲ್ಲಿ ಒಂದು ಠರಾವನ್ನು ಅಂಗೀಕರಿಸಲಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ತಾಲೂಕು ಆಸ್ಪತ್ರೆಯಲ್ಲಿಯೂ ಸಮ್ಮತಿಪತ್ರ, ಲಸಿಕೆಯ ವಿವರ, ಹೆರಿಗೆಯ ಸೂಚನೆ ಇವು ಕನ್ನಡದಲ್ಲಿಯೂ ದೊರೆಯಲಿ ಎಂಬುದೇ ಆ ಠರಾವಾಗಲಿ. ಅದನ್ನು ಜಿಲ್ಲೆಯ ಆರೋಗ್ಯಾಧಿಕಾರಿಗೂ ಜಿಲ್ಲಾಧಿಕಾರಿಗೂ ವಿಶೇಷಾಧಿಕಾರಿಗೂ ಕಳುಹಿಸಿ, ಮುಟ್ಟಿದ್ದಕ್ಕೆ ರಶೀದಿ ಪಡೆದಿಟ್ಟುಕೊಳ್ಳಿರಿ.

ಆಸ್ಪತ್ರೆಗೆ ಹೋದವರು ರುಜುವಿಗೆ ಮುಂಚೆ ಐದು ಪ್ರಶ್ನೆಗಳನ್ನು ಮರೆಯಬಾರದು. ನನಗೆ ಬಂದಿರುವ ರೋಗವೇನು? ನೀವು ಮಾಡಲಿರುವುದೇನು? ಅದರಿಂದ ಒಳಿತೆಷ್ಟು, ಅಪಾಯವೆಷ್ಟು? ಬೇರೆ ದಾರಿಯುಂಟೇ? ಬೇಡವೆಂದರೆ ಆಗುವುದೇನು? ಇವನ್ನು ವಿನಯದಿಂದ ಕೇಳಿರಿ, ಉತ್ತರ ತಿಳಿಯುವವರೆಗೆ ಕೇಳಿರಿ. ತಿಳಿಯದಿದ್ದರೆ ಕನ್ನಡ ಬಲ್ಲವರನ್ನು ಕರೆಸಿರೆಂದು ಕೇಳಿಕೊಳ್ಳಿರಿ. ಹೊಸ ಮದ್ದಿನ ಪ್ರಯೋಗಕ್ಕೆ ಯಾರಾದರೂ ಕರೆದರೆ ಇಮ್ಮಡಿ ಎಚ್ಚರ ಬೇಕು. 2019ರ ನಿಯಮಗಳ ಪ್ರಕಾರ, ಪ್ರಯೋಗದ ವಿವರವನ್ನು ನಮಗೆ ತಿಳಿಯುವ ಸರಳ ಭಾಷೆಯಲ್ಲಿ ಕೊಡಬೇಕು. ಓದು ಬಾರದವರಿಗೆ ವಿವರಿಸುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಇರಲೇಬೇಕು. ಬೇಡವೆನ್ನುವ ಹಕ್ಕೂ ಒಪ್ಪಿದ ಮೇಲೆ ಹಿಂದೆ ಸರಿಯುವ ಹಕ್ಕೂ ನಿಮ್ಮವು.

ಕಡೆಯದಾಗಿ ಗಡಿಯೊಳಗಿನ ಕನ್ನಡಿಗರಿಗೂ ಒಂದು ಮಾತು. ಕರ್ನಾಟಕದೊಳಗೆ ಬೆಳಗಾವಿಯ ಕಡೆ ಮರಾಠಿಯವರಿದ್ದಾರೆ, ಬಳ್ಳಾರಿ ಕೋಲಾರಗಳ ಕಡೆ ತೆಲುಗರಿದ್ದಾರೆ, ತಮಿಳರೂ ಮಲೆಯಾಳಿಗಳೂ ಉರ್ದು ನುಡಿಯುವವರೂ ಊರೂರಿನಲ್ಲಿದ್ದಾರೆ. ಕನ್ನಡ ತಿಳಿಯದ ತಾಯಿಯ ಮುಂದೆ ಕನ್ನಡದ ಸಮ್ಮತಿಪತ್ರವನ್ನು ಹಿಡಿದರೆ ಅದೂ ಅನ್ಯಾಯವೇ. ನಾವು ಆಚೆಯಲ್ಲಿ ಬೇಡುವುದನ್ನು ಈಚೆಯಲ್ಲಿ ಕೊಡದಿದ್ದರೆ ನಮ್ಮ ಬೇಡಿಕೆಗೆ ಬೆಲೆಯಿಲ್ಲ. ಹಕ್ಕು ನುಡಿಯದಲ್ಲ, ನುಡಿಯುವ ಮನುಷ್ಯನದು. ಅವನ ನುಡಿ ಯಾವುದಾದರೂ ಒಡಲು ಒಂದೇ, ನೋವು ಒಂದೇ.

ಬಂಧುಗಳೇ, ಗಡಿಯ ಪ್ರಶ್ನೆಗಳು ಎಂದು ಹೇಗೆ ಬಗೆಹರಿದಾವೋ ಕಾಲವೇ ಹೇಳಬೇಕು. ಅಲ್ಲಿಯವರೆಗೆ ಕಾಯಿಲೆ ಕಾಯುವುದಿಲ್ಲ, ಹೆರಿಗೆ ಕಾಯುವುದಿಲ್ಲ. ಇಂದೇ ಕೇಳಬಹುದಾದದ್ದನ್ನು ಇಂದೇ ಕೇಳೋಣ. ಬಾಯಿದ್ದವನು ಬರಗಾಲದಲ್ಲೂ ಬದುಕಿದನೆಂದು ಹಿರಿಯರು ಹೇಳಿದ್ದಾರೆ. ತಿಳಿಯದ ಕಾಗದ ಮುಂದೆ ಬಂದಾಗ ಹೆಬ್ಬೆಟ್ಟನ್ನು ಮುಂದಿಡುವ ಮೊದಲು ಬಾಯಿ ತೆರೆಯಿರಿ. ‘ಇದರಲ್ಲಿ ಬರೆದಿರುವುದನ್ನು ನನಗೆ ಕನ್ನಡದಲ್ಲಿ ಹೇಳಿ’ ಎನ್ನಿರಿ.